ಕುಲುಮೆ ಆರಿದಾಗಲೂ ಮೂವತ್ತೆಂಟು

ಶುದ್ಧ ಗಾಳಿಯ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ನಮ್ಮ ಕಾರ್ಖಾನೆಗೆ ನೀವು ಕೊಟ್ಟ ಪ್ರಮಾಣಪತ್ರ ಸುಳ್ಳು. ನನಗೆ ಗೊತ್ತು, ಏಕೆಂದರೆ ಆ ಸುಳ್ಳಿನಲ್ಲಿ ನನ್ನ ಕೈಯೂ ಇದೆ. ಅದೇ ಕೈಯಿಂದ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ನಮ್ಮದು ತಾಮ್ರ ಕರಗಿಸುವ ಕಾರ್ಖಾನೆ. ಕುಲುಮೆಯ ಹೊಗೆಯಲ್ಲಿ ಗಂಧಕವಿರುತ್ತದೆ. ಚಿಮಣಿ ಸೇರುವ ಮುನ್ನ ಆ ಹೊಗೆ ವನೇಡಿಯಂ ಲೋಹ ಬೆರೆಸಿದ ಗುಳಿಗೆಗಳ ಹಾಸಿನ ಮೂಲಕ ಹಾಯಬೇಕು. ಗುಳಿಗೆಗಳಲ್ಲಿ ಜೀವವಿದ್ದರೆ ಗಂಧಕ ಆಮ್ಲವಾಗಿ ಪೀಪಾಯಿಗೆ ಇಳಿಯುತ್ತದೆ. ಇಲ್ಲದಿದ್ದರೆ ನಮ್ಮ ಎದೆಗೆ ಇಳಿಯುತ್ತದೆ. ಅವು ಸತ್ತು ಎರಡು ವರ್ಷವಾಯಿತು. ಹೊಸದು ತರಿಸಿ ಎಂದು ಕೇಳಿದ್ದಕ್ಕೆ ಮೇಲ್ವಿಚಾರಕರು, "ಹಳೇ ಗುಳಿಗೆ ಜರಡಿ ಹಿಡಿದು, ಪುಡಿ ತೆಗೆದು ಅದನ್ನೇ ಮತ್ತೆ ತುಂಬಪ್ಪ. ಒಳಗೆ ಇಳಿದು ಯಾರು ನೋಡ್ತಾರೆ?" ಎಂದರು. ನಾನು ತುಂಬಿದೆ. ಅವರ ಮಾತು ಎಷ್ಟು ನಿಜ! ನೀವು ಬಂದಿರಿ, ಚಿಮಣಿಯ ಹೊಗೆಯಲ್ಲಿ ಗಂಧಕ ಎಷ್ಟಿದೆಯೆಂದು ತೋರಿಸುವ ಗೇಟಿನ ಫಲಕದಲ್ಲಿ ಹಸಿರು ಅಂಕಿಯ ಮೂವತ್ತೆಂಟನ್ನು ಕಂಡು "ಭೇಷ್" ಎಂದಿರಿ, ಹೋದಿರಿ. ಸ್ವಾಮಿ, ಕುಲುಮೆ ಆರಿಸಿ ನಾನು ಜರಡಿ ಹಿಡಿಯುತ್ತಿದ್ದ ನಾಲ್ಕು ದಿನವೂ ಆ ಫಲಕ ಮೂವತ್ತೆಂಟನ್ನೇ ತೋರಿಸುತ್ತಿತ್ತು. ಹೊಗೆಯೇ ಇಲ್ಲದ ಚಿಮಣಿಯಲ್ಲಿ ಅದು ಅಳೆದದ್ದಾದರೂ ಏನನ್ನು? ಇದನ್ನು ಕೇಳಲು ನಿಮ್ಮಷ್ಟು ಓದಿರಬೇಕೇ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನೂ ಹೌದು. ಆದರೂ ಬಾಯಿ ಬಿಡುತ್ತಿದ್ದೇನೆ, ಏಕೆಂದರೆ ನನಗೆ ಭಯವಾಗಿದೆ. ಕಾರ್ಖಾನೆಯ ಗೋಡೆಗೆ ತಾಗಿಕೊಂಡೇ ಶಾಲೆಯಿದೆ. ನನ್ನ ಮಗಳು ಅಲ್ಲಿ ಮೂರನೇ ತರಗತಿ. ಮೊನ್ನೆ ಮನೆಗೆ ಓಡಿ ಬಂದು, "ಅಪ್ಪಾ, ಟೀಚರ್ ನನಗೆ ಕೆಲಸ ಕೊಟ್ಟಿದ್ದಾರೆ! ಹೊಗೆ ಬಂದಾಗ ಎಲ್ಲರಿಗಿಂತ ಮೊದಲು ಕೆಮ್ಮು ಬರೋದು ನನಗೇ ಅಲ್ವಾ? ನಾನು ಕೆಮ್ಮಿದ ತಕ್ಷಣ ಎಲ್ಲರೂ ಕಿಟಕಿ ಮುಚ್ಚಬೇಕಂತೆ!" ಎಂದಳು. ಅವಳಿಗೆ ಹೆಮ್ಮೆಯೋ ಹೆಮ್ಮೆ. "ಕೆಲಸ ಹೋದ್ರೆ ಏನ್ರೀ ಗತಿ?" ಎನ್ನುತ್ತಿದ್ದ ಹೆಂಡತಿ ಕೂಡ ಅಂದಿನಿಂದ ಆ ಮಾತು ಎತ್ತಿಲ್ಲ.

ಈ ಬಾರಿ ಮುಂಚಿತವಾಗಿ ಫೋನ್ ಮಾಡದೆ ಬನ್ನಿ. ಫಲಕದ ಮುಂದೆ ನಿಲ್ಲಬೇಡಿ. ಹಾಸಿನ ಮುಚ್ಚಳ ತೆಗೆಸಿ, ಗುಳಿಗೆಗಳನ್ನು ಪರೀಕ್ಷೆಗೆ ಕಳಿಸಿ, ಹೊಸದು ತುಂಬುವವರೆಗೆ ಕುಲುಮೆ ನಿಲ್ಲಿಸಿ. ಬೋಲ್ಟ್ ಬಿಚ್ಚಲು ನಾನೇ ಬರುತ್ತೇನೆ, ಆಮೇಲೆ ನನ್ನ ಮೇಲೆ ಏನು ಕ್ರಮ ಬೇಕಾದರೂ ಕೈಗೊಳ್ಳಿ. ಮಾಪಕವಿಲ್ಲವೆಂದು ನೆಪ ಹೇಳಬೇಡಿ. ಸುಳ್ಳು ಹೇಳಲು ಬಾರದ ಮಾಪಕವೊಂದು ಮೂರನೇ ತರಗತಿಯ ಎರಡನೇ ಬೆಂಚಿನಲ್ಲಿ ಕೂತಿದೆ. ಅದು ನಿಂತುಹೋಗುವ ಮುಂಚೆ ಬನ್ನಿ.

ಇಂತಿ,
ಜರಡಿ ಹಿಡಿದ ತಪ್ಪಿತಸ್ಥ,
ಮೊದಲು ಕೆಮ್ಮುವ ಹುಡುಗಿಯ ಅಪ್ಪ