ಕೆಂಪು ದೀಪದ ಮೇಲಿನ ಬೊಟ್ಟು

ಚನ್ನಗಿರಿ
ಭಾನುವಾರ, ಬೆಳಿಗ್ಗೆ

ಪ್ರೀತಿಯ ನೇತ್ರಾ,

ನಿನ್ನೆಯಷ್ಟೇ ನಿಮ್ಮ ಮನೆಯಲ್ಲಿ ಉಂಡು ಬಂದ ಅತ್ತಿಗೆ ಇವತ್ತೇ ಕಾಗದ ಬರೆಯುತ್ತಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಇಲ್ಲಿ ನಾನು, ನಿಮ್ಮಣ್ಣ ಇಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳುವ ವಿಷಯವಲ್ಲ, ಅಷ್ಟೇ. ನಿನ್ನ ಫೋನನ್ನು ಮನೆಯವರೆಲ್ಲ ಎತ್ತುತ್ತಾರೆ. ಹೋದ ತಿಂಗಳು ನಾನು ಕಳಿಸಿದ ವಾಯ್ಸ್ ಮೆಸೇಜನ್ನು ನಿಮ್ಮತ್ತೆ ಊಟದ ಹೊತ್ತಿಗೆ ಎಲ್ಲರಿಗೂ ಕೇಳಿಸಿದ್ದನ್ನು ನೀನೇ ಹೇಳಿದ್ದೆ. ನನ್ನ ಗೆಳತಿ ಅರುಣಾ ಇವತ್ತು ಮಧ್ಯಾಹ್ನ ಜಗಳೂರಿಗೆ ಹೊರಡುತ್ತಾಳೆ. ನಿನ್ನ ಕೈಗೇ ಕೊಡಬೇಕು ಎಂದು ಅವಳಿಗೆ ಹೇಳಿದ್ದೇನೆ.

ವಿಷಯ ನಮ್ಮಿಂದ ನಿನ್ನ ಕೈಗೆ ಬಂದ ಹಳೆಯ ಕಾರಿನದು. ನಿನ್ನೆ ಬಸ್ ಹೊರಡುವ ಗಡಿಬಿಡಿಯಲ್ಲಿ, ನನ್ನ ಕಾಗದ ಬರುವ ತನಕ ಕಾರು ತೆಗೆಯಬೇಡ ಎಂದೆ. ಯಾಕೆ ಎಂದು ನೀನು ಕೇಳಲಿಲ್ಲ. ಕೇಳದೆ ಚಪ್ಪಲಿ ನೋಡುತ್ತ ನಿಂತೆಯಲ್ಲ, ಕಾರಿನ ದೀಪದ ಮೇಲೆ ಬೊಟ್ಟು ಅಂಟಿಸಿದ್ದು ನೀನೇ ಎಂದು ಆಗ ಖಾತ್ರಿಯಾಯಿತು.

ಊಟಕ್ಕೆ ಕೂತಾಗ ಕಲ್ಲೇಶ್ ಅವರು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ನೀವು ಓಡ್ಸುವಾಗ ಸುಮ್ಕಿತ್ತು ನೋಡ್ರಿ ಅಕ್ಕಾರೆ. ನಮ್ಮಾಕೆ ಕೈಗೆ ಬಂದ್ಮೇಲೆ ದಿನಕ್ಕೊಂದು ದೀಪ ಹತ್ತತೈತೆ. ಇನ್ನೊಂದು ಹತ್ತಲಿ, ಮಾರಿ ಕೈ ತೊಳ್ಕಂತೀನಿ. ಬಸ್ಸಿಗೆ ಹೋಗಾಕೆ ಏನ್ ರೋಗ?" ಅದಕ್ಕೆ ನಿಮ್ಮತ್ತೆ ಚೌಡಮ್ಮನವರು, "ದೀಪ ಕಂಡ್ರೆ ಕೈ ಮುಗೀಬೇಕು ಕಣಪ್ಪ, ಈಕೆ ಗೇರ್ ಹಾಕ್ತಾಳೆ" ಎಂದರು. ಎಲ್ಲರೂ ನಕ್ಕೆವು. ನೀನೂ ನಕ್ಕೆ. ನಗುತ್ತಲೇ ಅವರ ತಟ್ಟೆಗೆ ಎರಡನೇ ಸಲ ಸಾರು ಬಡಿಸಿದೆ. ಅವರು ಇನ್ನೂ ಮೊದಲನೆಯದನ್ನೇ ಉಂಡಿರಲಿಲ್ಲ.

ನೀನು ಒಳಗೆ ಪಾತ್ರೆ ಎತ್ತಿಡುತ್ತಿದ್ದಾಗ ಪಕ್ಕದ ಮನೆಗೆ ಮೆಕ್ಕೆಜೋಳದ ಟ್ರ್ಯಾಕ್ಟರ್ ಬಂತು. ನಿನ್ನ ಕಾರು ಅಡ್ಡವಿತ್ತು. "ನಿಮ್ ಹಳೇ ಗಾಡಿ ಅಲ್ವೇನ್ರಿ, ನೀವೇ ಚೂರು ಈ ಕಡೀಗೆ ತೆಗೀರಿ" ಎಂದು ಕಲ್ಲೇಶ್ ಅವರು ಕೀ ಕೊಟ್ಟರು. ಕೂತೆ. ಸೀಟನ್ನು ನೀನು ಮುಂದಕ್ಕೆ ಎಳೆದುಕೊಂಡಿದ್ದೀಯ, ಮೊಣಕಾಲು ಸ್ಟೇರಿಂಗಿಗೆ ತಗುಲಿತು. ಕೀ ತಿರುಗಿಸಿದರೆ ಎಲ್ಲ ದೀಪಗಳೂ ಒಮ್ಮೆ ಹತ್ತಬೇಕು, ಇಂಜಿನ್ ಶುರುವಾದ ಮೇಲೆ ಆರಬೇಕು. ಬಸವಾಪಟ್ಟಣದ ರಸ್ತೆಯಲ್ಲಿ ಇದೇ ಕಾರಿನಲ್ಲಿ ನಿನಗೆ ಕಲಿಸುವಾಗ ಇದನ್ನು ಹೇಳಿದ್ದೆ. ಹತ್ತದಿರುವ ದೀಪವನ್ನೂ ಗಮನಿಸಬೇಕು ಎಂದು ಹೇಳಿದ್ದೆನೋ ಇಲ್ಲವೋ, ನೆನಪಿಲ್ಲ. ನಿನ್ನೆ ಎಲ್ಲವೂ ಹತ್ತಿದವು. ಎಣ್ಣೆಗಿಂಡಿಯಂಥ ಆ ಕೆಂಪು ಚಿತ್ರ ಇರುವ ಜಾಗ ಮಾತ್ರ ಕಪ್ಪಾಗಿತ್ತು. ಬಗ್ಗಿ ನೋಡಿದೆ. ಕಪ್ಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು. ಬೆರಳಿಟ್ಟೆ, ಮಖಮಲ್ಲಿನ ಬೊಟ್ಟು!

ಇಂಜಿನ್ ಶುರು ಮಾಡಿದೆ. ಉಳಿದ ದೀಪಗಳು ಆರಿದವು, ಆ ಎಳೆ ಆರಲಿಲ್ಲ. ಅಷ್ಟರಲ್ಲಿ ಕಲ್ಲೇಶ್ ಅವರು ಕಿಟಕಿಗೆ ಬಂದು, "ಏನಾರ ಹತ್ತೈತೇನ್ರಿ ಅಕ್ಕಾರೆ?" ಎಂದರು.

ಇಲ್ಲ ಎಂದೆ.

ಇಂಜಿನ್ ಆರಿಸಿ, ಇಷ್ಟಕ್ಕೆ ಪೆಟ್ರೋಲ್ ಯಾಕೆ ಸುಡೋದು, ತಳ್ಳಿಬಿಡಿ ಎಂದೆ. ಅವರೂ ಟ್ರ್ಯಾಕ್ಟರಿನವನೂ ಸೇರಿ ತಳ್ಳಿದರು. "ಹೆಣ್ಮಕ್ಳ ಉಳಿತಾಯ ಅಂದ್ರೆ ಹಿಂಗಿರ್ಬೇಕು" ಎಂದು ಅವನು ಹಲ್ಲು ಕಿರಿದ. ನಾನು ಒಳಗೆ ಕೂತು ಸ್ಟೇರಿಂಗ್ ತಿರುಗಿಸಿದೆ, ಇಳಿಯುವ ಮೊದಲು ಬೊಟ್ಟನ್ನು ಉಗುರಿನಿಂದ ಎಬ್ಬಿಸಿ ಪರ್ಸಿಗೆ ಹಾಕಿಕೊಂಡೆ.

ರಾತ್ರಿಯಿಂದ ಯೋಚಿಸುತ್ತಿದ್ದೇನೆ. ಆ ಸುಳ್ಳನ್ನು ಯಾರಿಗಾಗಿ ಹೇಳಿದೆ? ನಿನ್ನ ಕೀ ಉಳಿಯಲಿ ಎಂದೋ, ನೆಂಟರ ಮನೆಯಲ್ಲಿ ಮುಜುಗರ ಬೇಡ ಎಂದೋ? ನೀನು ದೀಪಕ್ಕೆ ಬೊಟ್ಟು ಅಂಟಿಸಿದೆ, ನಾನು ಅದರ ಮೇಲೆ ಇನ್ನೊಂದು ಅಂಟಿಸಿ ಬಂದೆ. ಅದಕ್ಕೇ ಈ ಕಾಗದ.

ಎಷ್ಟು ದಿನದಿಂದ ಹಾಗೆ ಓಡಿಸುತ್ತಿದ್ದೀಯೋ ಗೊತ್ತಿಲ್ಲ. ಬೈಯುವುದಿಲ್ಲ. ಆದರೆ ಇದೊಂದನ್ನು ನಂಬು: ಹಳದಿ ದೀಪ ಹತ್ತಿದರೆ ಮೆಲ್ಲಗೆ ಗ್ಯಾರೇಜಿನವರೆಗೆ ಹೋಗಬಹುದು. ಅದು ಮಿಣುಕತೊಡಗಿದರೆ ಮಾತ್ರ ನಿಲ್ಲಿಸಿಬಿಡು. ಈ ಕೆಂಪು ಗಿಂಡಿ ಹತ್ತಿದರಂತೂ ಇನ್ನೊಂದು ಫರ್ಲಾಂಗೂ ಬೇಡ. ಇಂಜಿನ್ನಿನೊಳಗೆ ಎಣ್ಣೆಯ ಒತ್ತಡ ಸಾಲುತ್ತಿಲ್ಲ ಎಂದು ಅದರರ್ಥ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಇಂಜಿನ್ ಹಿಡಿದುಕೊಂಡರೆ ಕಲ್ಲೇಶ್ ಅವರು ಮಾರುವುದೇ ಬೇಕಿಲ್ಲ, ಕಾರು ತಾನಾಗಿಯೇ ಹೋಗುತ್ತದೆ. ನಡುದಾರಿಯಲ್ಲಿ, ಲಸಿಕೆ ಡಬ್ಬಿ ಇಟ್ಟುಕೊಂಡು ಆರೋಗ್ಯ ಉಪಕೇಂದ್ರಕ್ಕೆ ಹೋಗುವ ನಿನ್ನನ್ನೂ ನಿಲ್ಲಿಸಿ.

ಆದ್ದರಿಂದ ನಾಳೆ ಬಸ್ಸಿಗೆ ಹೋಗು. ಅದಕ್ಕೂ ಮೊದಲು, ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆ. ಒರೆಸು, ಪೂರ್ತಿ ಒಳಗೆ ಹಾಕು, ಮತ್ತೆ ಎಳೆದು ನೋಡು. ಎರಡು ಗುರುತುಗಳ ನಡುವೆ ಎಣ್ಣೆ ಇರಬೇಕು. ಕೆಳಗಿದ್ದರೆ ಕಾರಿನ ಪುಸ್ತಕದಲ್ಲಿ ಬರೆದಿರುವ ಎಣ್ಣೆಯನ್ನೇ ತರಿಸಿ ಹಾಕು. ಆಮೇಲೆ ದೀಪ ಆರಿದರೂ ಸುಮ್ಮನಾಗಬೇಡ, ಇದ್ದ ಎಣ್ಣೆ ಎಲ್ಲಿಗೆ ಹೋಯಿತು ಎಂದು ಹುಡುಕಿಸಬೇಕು. ಎಣ್ಣೆ ಸರಿಯಿದ್ದೂ ದೀಪ ಉರಿದರೆ ಮತ್ತೆ ಕೀ ತಿರುಗಿಸಬೇಡ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸು.

ಇನ್ನು ನಿಮ್ಮ ಮನೆಯವರು ಲೆಕ್ಕ ಹಾಕುವ "ದಿನಕ್ಕೊಂದು ದೀಪ". ಸೀಟ್ ಬೆಲ್ಟಿನ ಗುರುತು ಕಿರುಚುವುದು ಲಸಿಕೆ ಡಬ್ಬಿಯ ಭಾರಕ್ಕೆ, ಅದನ್ನು ಮನುಷ್ಯ ಎಂದುಕೊಳ್ಳುತ್ತದೆ. ಡಬ್ಬಿಗೂ ಬೆಲ್ಟ್ ಹಾಕು. ವೃತ್ತದೊಳಗಿನ ಆಶ್ಚರ್ಯಸೂಚಕ ಚಿಹ್ನೆ ಹತ್ತಿದರೆ ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡು. ಇಳಿದಿದ್ದೂ ಉರಿದರೆ ಬ್ರೇಕ್ ಎಣ್ಣೆ ಕಡಿಮೆಯಿರಬಹುದು, ಆಗ ಹೊರಡಬೇಡ. ಇಂಜಿನ್ನಿನ ಹಳದಿ ಚಿತ್ರ ಕೆಲವು ಸಲ ಪೆಟ್ರೋಲ್ ಮುಚ್ಚಳ ಸಡಿಲವಿದ್ದರೂ ಹತ್ತುತ್ತದೆ. ಒಮ್ಮೆ ಇದೇ ಕಾರಿನಲ್ಲಿ ಹಾಗಾಗಿತ್ತು. ಆ ಕಥೆ ಈಗ ಬೇಡ.

ಕಲ್ಲೇಶ್ ಅವರಿಗೆ ನೀನೇ ಹೇಳು, ಇವತ್ತೇ. ಅಳುತ್ತ ಅಲ್ಲ. ಕಡ್ಡಿ ಕೈಯಲ್ಲಿ ಹಿಡಿದು, ಇಲ್ಲಿ ನೋಡ್ರಿ, ಎಣ್ಣೆ ಇಷ್ಟಿದೆ, ದೀಪ ಅದಕ್ಕೇ ಹತ್ತಿದೆ, ಇಂತಿಂಥದ್ದು ಮಾಡಿಸಬೇಕು ಎಂದು ಹೇಳು. ಅವರು ಕೆಟ್ಟವರಲ್ಲ ಎಂದೇ ನನ್ನ ಅನಿಸಿಕೆ. ಅವರಿಗೆ ದೀಪದ ಭಯ, ನಿನಗೆ ಅವರ ಭಯ. ಹಳೆಯ ಕಾರಿನಲ್ಲಿ ದೀಪ ಹತ್ತುವುದು ಓಡಿಸಿದವಳ ತಪ್ಪಲ್ಲ, ನೇತ್ರಾ. ಇಷ್ಟು ಸಣ್ಣ ಮಾತನ್ನು ನಿನ್ನೆ ಊಟದ ಮನೆಯಲ್ಲಿ ಜೋರಾಗಿ ಹೇಳಲು ನನಗೆ ಯಾಕೆ ಆಗಲಿಲ್ಲವೋ. ಬಹುಶಃ ಗೊತ್ತಿದೆ.

ನಿನ್ನ ಕೀ ನಿನ್ನಲ್ಲೇ ಇರಲಿ.

ನಿನ್ನ ಅತ್ತಿಗೆ,
ಪ್ರಮೀಳಾ

ಸಹಿ ಹಾಕಿದ ಮೇಲೆ ಇಷ್ಟು:

ನಿಮ್ ಹೊಸ ಕಾರು ಹೆಂಗೈತೆ ಅತ್ಗೆ ಎಂದು ನಿನ್ನೆ ನೀನು ಕೇಳಿದೆ. ಎಸಿ ಚೆನ್ನಾಗಿದೆ ಎಂದೆ. ಎಡಗಡೆ ಕೂತವಳಿಗೆ ಗೊತ್ತಾಗುವುದು ಅಷ್ಟೇ. ನಾನು ಓಡಿಸುವಾಗ ನಿನ್ನ ಕಾರು ಸುಮ್ಮನಿರಲಿಲ್ಲ. ಕೆರೆಬಿಳಚಿ ದಾಟುವಾಗ ಹಳದಿ ದೀಪ ಹತ್ತಿತು. ಸಡಿಲವಾಗಿದ್ದದ್ದು ಬರೀ ಪೆಟ್ರೋಲ್ ಮುಚ್ಚಳ. ಅದು ಗೊತ್ತಾಗುವಷ್ಟರಲ್ಲಿ ನಿಮ್ಮಣ್ಣ, "ಸಾಕು ಬಿಡು ಪ್ರಮೀಳಾ, ನಿಂಗ್ಯಾಕೆ ಈ ತಲೆನೋವು, ಇನ್ಮೇಲೆ ನಾನೇ ಓಡಿಸ್ತೀನಿ" ಎಂದಿದ್ದರು. ಪ್ರೀತಿಯಿಂದಲೇ ಎಂದರು. ನಾನು ಹೂಂ ಎಂದೆ. ಕಾರು ನಿಮ್ಮ ಮನೆಗೆ ಬಂದದ್ದು ಹೀಗೆ. ನಿನ್ನೆ ಬಸ್ಸಿನಲ್ಲಿ ಬಂದದ್ದೂ ನಿಮಗೆಲ್ಲ ಹೇಳಿದಂತೆ ಕಿಟಕಿಯ ಗಾಳಿಗಾಗಿ ಅಲ್ಲ.

ಈಗ ಹೋಗಿ ನಿಮ್ಮಣ್ಣನ ಹತ್ತಿರ ಹೊಸ ಕಾರಿನ ಕೀ ಕೇಳುತ್ತೇನೆ. ಈ ಕಾಗದವನ್ನು ಅರುಣಾ ತಂದುಕೊಟ್ಟರೆ ಕೀ ಸಿಗಲಿಲ್ಲ ಎಂದು ತಿಳಿ. ಮನೆಯ ಮುಂದೆ ಹೊಸ ಕಾರಿನ ಹಾರ್ನ್ ಕೇಳಿಸಿ, ನಾನೇ ತಂದುಕೊಟ್ಟಿದ್ದರೆ, ನೆನಪು ಮಾಡಿಕೊ, ನಾನು ಯಾವ ಕಡೆಯ ಬಾಗಿಲಿನಿಂದ ಇಳಿದೆ ಎಂದು.