ಹೆಸರಿನ ನುಡಿ

ಮೆಹಕರ, ತಾಲೂಕು ಭಾಲ್ಕಿ
೨೦ ಏಪ್ರಿಲ್ ೧೯೭೩

ಪ್ರೀತಿಯ ಅಣ್ಣ ಮಚ್ಛೇಂದ್ರನಿಗೆ ತಮ್ಮ ನರಸಿಂಗನ ಜೈಭೀಮ.

ಪತ್ರ ತಡವಾಯಿತು, ಸಿಟ್ಟಾಗಬೇಡ. ಹಗಲೆಲ್ಲ ಸಾಯಗಾಂವ ರಸ್ತೆಯ ಬರಗಾಲ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತೇವೆ. ಸಂಜೆಗೆ ಬೆರಳುಗಳು ಪೆನ್ನು ಹಿಡಿಯಲು ಒಪ್ಪುವುದಿಲ್ಲ. ನೀನೂ ಚಳಿಗಾಲದಿಂದ ಒಂದು ಸಾಲು ಬರೆದಿಲ್ಲ. ಹೋಟೆಲ್ ನಡೆಸುವ ಚಾಂದ ಪಾಶಾ ಹೋದ ತಿಂಗಳು ಮುಂಬೈಯಲ್ಲಿ ನಿನ್ನನ್ನು ಕಂಡು ಬಂದಿದ್ದಕ್ಕೆ ನನಗೆ ನೆಮ್ಮದಿ. ಅವ್ವನಿಗೆ ಇಲ್ಲ. ಈ ಪತ್ರ ಅದಕ್ಕಾಗಿಯೇ.

ಮೊದಲು ಊರಿನ ಸುದ್ದಿ. ನಮ್ಮ ಗಲ್ಲಿಯ ಅರ್ಧ ಮನೆಗಳ ಬಾಗಿಲಿಗೆ ಮುಳ್ಳುಕಂಟಿ ಬಿದ್ದಿದೆ. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ ಹೋದರು. ಬಾವಿಯ ತಳಕ್ಕೆ ಇಳಿದು ಬಟ್ಟಲಿನಿಂದ ನೀರು ತುಂಬಿಕೊಳ್ಳುತ್ತೇವೆ. ಊರು ಹೀಗೆ ಖಾಲಿಯಾಗಿದ್ದರೂ ರಿಕಾರ್ಡಾಗಿ ಬಂದ ನಿನ್ನ ಹಾಡು ಮಾತ್ರ ಎಲ್ಲ ಕಡೆ ತುಂಬಿದೆ. ಔರಾದ ಬಸ್ ಸ್ಟ್ಯಾಂಡಿನಲ್ಲಿ ಅದೇ, ಮದುವೆಮನೆಯ ಮೇಲೆ ಕೂಗುವ ಭೋಂಗಾದಲ್ಲಿ ಅದೇ. ನಾನು ಬೀದರಿಗೆ ಹೋಗಿ ಚೌಬಾರಾದ ಹತ್ತಿರ ನಾನು ಓದುವ ವಿಚಾರವಾದದ ತೆಳ್ಳನೆಯ ಪುಸ್ತಿಕೆಗಳನ್ನು ಹುಡುಕುತ್ತಿದ್ದಾಗ, ಎದುರಿನ ಅಂಗಡಿಯ ದರ್ಜಿ ಮಷೀನು ತುಳಿಯುತ್ತ ಅದನ್ನೇ ಗುನುಗುತ್ತಿದ್ದ. ಯಾರ ಹಾಡು ಎಂದು ಕೇಳಿದೆ. "ಯಾರದೋ, ರಿಕಾರ್ಡಿಂದು" ಎಂದ.

ಆಗ ನನಗೆ ಸಂತಪುರದ ದಾರಿ ನೆನಪಾಯಿತು. ಬಸ್ಸು ತಪ್ಪಿ ಔರಾದಿನಿಂದ ನಡೆದು ಹೊರಟಿದ್ದೆವು. ನೀನು ಮುಂದೆ, ಡೋಲಕಿ ಹೊತ್ತ ನಾನು ಹಿಂದೆ. ನೀನು ಕೂತು ಪದ ಕಟ್ಟಿದ್ದನ್ನು ನಾನು ಎಂದೂ ಕಂಡಿಲ್ಲ. ನಡೆಯುತ್ತ ಒಂದು ಸಾಲು ಹೇಳುವೆ, ನನ್ನಿಂದ ಹೇಳಿಸುವೆ. ನನ್ನ ನಾಲಿಗೆ ಎಲ್ಲಿ ತೊಡಕಿತೋ ಆ ಶಬ್ದವನ್ನು ಕಿತ್ತು ಹಾಕುವೆ. "ನರಸ್ಯಾ, ನಿನ್ನಂಥ ದಡ್ಡಗ ಬಾಯಾಗ ಕುಂತ್ರ ಊರಿಗೆಲ್ಲ ಕುಂಡ್ರತದ" ಎಂದು ನಗುತ್ತಿದ್ದೆ. ಈ ಪದದಲ್ಲಿ ಅವ್ವನ ಮೇಲಿನ ನುಡಿ ಹುಟ್ಟಿದ್ದು ಆ ದಾರಿಯಲ್ಲೇ. "ಬೀಸೂ ಕಲ್ಲಿಗಿ ನಿದ್ದಿ ಬಂದರ, ಅವ್ವನ ಕಣ್ಣಿಗಿ ನಿದ್ದಿಲ್ಲ."

ನಮ್ಮ ಹಾಡಿನ ಮಂಡಳಿ ಕಟ್ಟಿದ ಕಾಶೀರಾಮ ಕಾಕಾ ಪ್ರತಿ ಪದದ ಕೊನೆಗೆ ಹೆಸರಿನ ನುಡಿ ಬೇಕೇ ಬೇಕು ಅನ್ನುತ್ತಿದ್ದರು. ಕಟ್ಟಿದವನ ಹೆಸರು, ಅವನ ಊರು. "ಪದ ಯಾರದು ಅಂತ ಕೇಳವ್ರಿಗಿ ಜವಾಬು ಪದದಾಗೇ ಇರಬೇಕು" ಎನ್ನುತ್ತಿದ್ದರು. ಅವರು ಪುಣೆಯ ಕಟ್ಟಡದ ಕೆಲಸದಲ್ಲಿ ಬಿದ್ದು ತೀರಿಕೊಂಡಾಗ ಮಂಡಳಿಗೆ ಹೊಸ ನಿಯಮ ಹಾಕಿದವನು ನೀನು. ಒಂದು ವರ್ಷ ಅವರ ಪದಗಳನ್ನು ಹೆಸರಿನ ನುಡಿ ಇಲ್ಲದೆ ಹಾಡಿದೆವು. ಆ ಜಾಗ ಬಂದಾಗ ಎಲ್ಲರೂ ಸುಮ್ಮನೆ ನಿಲ್ಲುತ್ತಿದ್ದೆವು. ಭಾಲ್ಕಿಯಿಂದ ಔರಾದಿನವರೆಗೆ ಜನರಿಗೆ ಅದು ತಿಳಿದುಹೋಯಿತು: ಹೆಸರು ಬರಲಿಲ್ಲ ಎಂದರೆ ಕಟ್ಟಿದವನು ಇಲ್ಲ.

ಇನ್ನು ಅವ್ವನ ಮಾತು. ಚಾಂದ ಪಾಶಾ ಮುಂಬೈಯಿಂದ ನಿನ್ನ ರಿಕಾರ್ಡು ತಂದವನು, ರೇಷನ್ನಿನ ಕೆಂಪು ಜೋಳಕ್ಕೆ ಬಂದಿದ್ದ ಅವ್ವನನ್ನೂ ನನ್ನನ್ನೂ ಕರೆದು ಹೋಟೆಲಿನಲ್ಲಿ ಕೂಡಿಸಿದ. "ಕೌಸಲ್ಯಾ ಅಮ್ಮಾ, ಮಗನ ಆವಾಜು ಅಲ್ಲ ಖರೆ, ಮಗನ ಪದ. ಕೇಳ್ರಿ" ಎಂದು ಚಹಾ ಕೊಟ್ಟ. ಬೀಸುವ ಕಲ್ಲಿನ ನುಡಿ ಬಂದಾಗ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದವರಿಗೆ, "ಇದು ನಂದು" ಎಂದಳು. ಆಮೇಲೆ ನೆಟ್ಟಗೆ ಕೂತಳು. ಹೆಸರಿನ ನುಡಿಗೆ ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಆದರೆ ರಿಕಾರ್ಡಿನಲ್ಲಿ ಬರೀ ಮುಳ್ಳಿನ ಕರಕರ.

"ಮುಂದಿಂದು ಹಚ್ಚು" ಎಂದಳು.

"ಆಯ್ತಲ್ರಿ ಅಮ್ಮಾ, ಇಷ್ಟೇ ಅದ."

"ಹೆಸರು?"

"ಅದು ಇದ್ರಾಗ ಇಲ್ರಿ."

ಅವ್ವ ಚಹಾದ ಬಟ್ಟಲನ್ನು ಕೆಳಗಿಟ್ಟಳು. "ನನ ಮಗ ಯಾವಾಗ ಹ್ವಾದ, ಪಾಶಾ?" ಎಂದಳು.

ಅವನು ಆಣೆ ಇಟ್ಟ. ಕಣ್ಣಾರೆ ಕಂಡಿದ್ದೇನೆ, ಜೊತೆಗೆ ಕೂತು ಉಂಡಿದ್ದೇನೆ ಎಂದ. ಅವ್ವ ತಲೆಯಾಡಿಸಿದಳು. "ಅನುಸೂಯಾಗ ಪತ್ರ ಓದಿದವ್ರೂ ಹಿಂಗೇ ಅಂದಿದ್ರು." ನಿನಗೆ ನೆನಪಿರಬೇಕು. ಮಗಳ ಮದುವೆ ಮುಗಿಯಲಿ ಎಂದು ಕಾಶೀರಾಮ ಕಾಕಾ ಸತ್ತ ಸುದ್ದಿಯನ್ನು ಅವರ ಹೆಂಡತಿಗೆ ಹೇಳದೆ, ಹಿರಿಯರು ಅವರಿಂದ ಪತ್ರ ಬಂದಂತೆ ಸುಳ್ಳೇ ಓದುತ್ತಿದ್ದರು. ಆಗ ಅನುಸೂಯಾಬಾಯಿಯ ಪಕ್ಕದಲ್ಲಿ ಕೂತು ಹೂಂ ಅಂದವಳು ನಮ್ಮ ಅವ್ವ. ಪತ್ರ ಸುಳ್ಳು ಹೇಳುತ್ತದೆ ಎಂದು ಆಕೆಗೆ ಗೊತ್ತು. ಪದ ಸುಳ್ಳು ಹೇಳಿದ್ದನ್ನು ಆಕೆ ಕಂಡಿಲ್ಲ.

ಅಂದಿನಿಂದ ನಿನ್ನ ಡೋಲಕಿ ಗೂಟದಿಂದ ಇಳಿದಿದೆ. ನಿನ್ನ ಕಂಬಳಿಯನ್ನು ಪುಣೆಗೆ ಹೊರಟ ಗಂಗುಬಾಯಿಗೆ ಕೊಟ್ಟಳು. ನಾನು ಗಂಟೆಗಟ್ಟಲೆ ವಾದ ಮಾಡಿದೆ. ಕುರುಡು ನಂಬಿಕೆ ಎಂದೆ, ಕಾರಣ ಬೇಕು, ಪುರಾವೆ ಬೇಕು ಎಂದೆ. "ನಿನ ಪುಸ್ತಕದಾಗ ನಿನ ಅಣ್ಣ ಬದುಕ್ಯಾನ ಅಂತ ಬರದದೇನು?" ಎಂದು ಕೇಳಿದಳು.

ಆದರೆ ಒಂದು ಮಾತು ನನ್ನ ಪುಸ್ತಿಕೆಗಳಲ್ಲಿದೆ, ಅದನ್ನು ಹೇಳದೆ ಬಿಡಲಾರೆ. ದುಡಿದವನ ಬೆವರು ಬೇಕು, ಅವನ ಹೆಸರು ಬೇಡ ಎನ್ನುವುದು ಮಾಲೀಕರ ಹಳೆಯ ರೀತಿ. ನಮ್ಮ ಹಿರಿಯರು ಕಟ್ಟಿದ ಗೋಡೆಗಳ ಮೇಲೆ ಅವರ ಹೆಸರಿಲ್ಲ, ತೋಡಿದ ಬಾವಿಗಳ ನೀರು ಅವರಿಗೆ ಸಿಗಲಿಲ್ಲ. ಪದದ ಕೊನೆಯ ನುಡಿಯೊಂದೇ ಯಾರೂ ನಮ್ಮಿಂದ ಕಸಿಯದ ಜಾಗವಾಗಿತ್ತು. ಆ ರಿಕಾರ್ಡು ಕಂಪನಿಯವರು ಅದನ್ನೂ ಕತ್ತರಿಸಿದರು, ನೀನು ಸುಮ್ಮನೆ ನಿಂತೆ. "ಮೆಹಕರದ ಮಚ್ಛೇಂದ್ರ ಕಟ್ಟಿದ ಪದ, ಮರೀಬ್ಯಾಡ್ರಿ ಕುಂತವರು" ಎಂದು ಸಾವಿರ ಜನರ ಮುಂದೆ ಎದೆಯೆತ್ತಿ ಹಾಡಿದವನು ನೀನೇನಾ?

ಬೈದು ಮುಗಿಯಿತು. ಈಗ ಬೇಡುತ್ತೇನೆ. ಬಂದುಬಿಡು. ಬಸ್ಸಿನಿಂದ ಇಳಿದು ಮನೆಗೆ ಹೋಗಬೇಡ, ಕಾಮಗಾರಿಯ ಜಾಗಕ್ಕೆ ಬಾ. ಅಲ್ಲಿ ಹೆಂಗಸರು ಕಲ್ಲು ಒಡೆಯುತ್ತ ನಿನ್ನ ಪದ ಹಾಡುತ್ತಾರೆ. ಮೊದಲ ಸಾಲು ಎತ್ತಿಕೊಡುವವಳು ಅವ್ವ. ಹೆಸರಿನ ನುಡಿ ಬರುವಾಗ ಆಕೆ ಸುತ್ತಿಗೆ ನಿಲ್ಲಿಸುತ್ತಾಳೆ, ಉಳಿದವರೂ ನಿಲ್ಲಿಸುತ್ತಾರೆ. ಆ ಮೌನದಲ್ಲಿ, ಆಕೆಯ ಬೆನ್ನ ಹಿಂದೆ ನಿಂತು, ನೀನು ಆ ನುಡಿ ಶುರು ಮಾಡು. ಬೇರೆ ಯಾವ ಪುರಾವೆಯನ್ನೂ ಆಕೆ ಒಪ್ಪುವುದಿಲ್ಲ.

ಪ್ರತಿ ಪತ್ರದ ಕೊನೆಗೆ "ಅವ್ವ ಆಶೀರ್ವಾದ ತಿಳಿಸಿದ್ದಾಳೆ" ಎಂದು ಬರೆಯುತ್ತಿದ್ದೆ. ಈ ಸಲ ಆಕೆ ತಿಳಿಸಿಲ್ಲ. ಆದ್ದರಿಂದ ಕಿರಿಯನಾದ ನಾನೇ ಹರಸುತ್ತೇನೆ, ತಪ್ಪು ತಿಳಿಯಬೇಡ. ನೂರು ವರ್ಷ ಬಾಳು. ನಿನ್ನ ಕಂಠ, ಕಾಲು ಗಟ್ಟಿಯಾಗಿರಲಿ.

ನಿನ್ನ ಡೋಲಕಿ ಹೊತ್ತವನು,
ನರಸಿಂಗ

ತಾ.ಕ.: ಪತ್ರ ಮಡಿಚುವ ಮೊದಲು ಚಾಂದ ಪಾಶಾ ಮನೆಗೆ ಬಂದ. ಮೇಲೆ ಬರೆದ ಬೈಗುಳವನ್ನು ಅವನಿಗೆ ಓದಿ ತೋರಿಸಿದೆ. ಅದಕ್ಕೆ ಅವನು, "ಕಂಪನಿಯವ್ರು ರಿಕಾರ್ಡಿನಾಗ ಜಾಗ ಸಾಲಲ್ಲ, ಒಂದು ನುಡಿ ಬಿಡ್ರಿ ಅಂದ್ರು, ನರಸಿಂಗ. ಅವ್ವನ ನುಡಿ ಬಿಡಮಾ ಅಂದ್ರು. ನಿಮ್ಮಣ್ಣ ಒಪ್ಪಲಿಲ್ಲ. ನಂದು ತೆಗೀರಿ, ಆಕಿದು ಇರಲಿ ಅಂದ" ಎಂದ.

ಅಣ್ಣಾ, ನೀನು ಉಳಿಸಿದ ಆ ನುಡಿಯನ್ನು ಅವ್ವ ಈಗ ಕೇಳುವುದಿಲ್ಲ. ಕಾಮಗಾರಿಯಲ್ಲಿ ಬೀಸುವ ಕಲ್ಲಿನ ಮಾತು ಬಂದರೆ ಉಳಿದವರು ಹಾಡುತ್ತಾರೆ, ಆಕೆ ಎದ್ದು ನೀರಿನ ಕೊಡದ ಕಡೆಗೆ ಹೋಗಿ, ಆ ನುಡಿ ಮುಗಿದ ಮೇಲೆ ಮರಳಿ ಸುತ್ತಿಗೆ ಹಿಡಿಯುತ್ತಾಳೆ. ಪಾಶಾ ಹೇಳಿದ್ದನ್ನು ಈಗಷ್ಟೇ ಆಕೆಗೆ ಹೇಳಿದೆ. ಜೋಳ ಆರಿಸುತ್ತಲೇ ಕೇಳಿದಳು. "ಹ್ವಾದವರ ಬಗ್ಗಿ ಮಂದಿ ಛಲೋ ಮಾತೇ ಹೇಳ್ತಾರ, ನರಸ್ಯಾ" ಎಂದಳು.