ಕೇಳಿದರಷ್ಟೇ ತೀರ್ಪು

ಕ್ವಿಲ್ಬಿ ಮಿಲ್ಸ್, ನ್ಯೂಯಾರ್ಕ್
ಆಗಸ್ಟ್ 27, 2012, ಸೋಮವಾರ

ಪ್ರೀತಿಯ ಕೊರಿನ್,

ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಲಗಿರುವ ತಂಗಿಗೆ ಇಷ್ಟು ದಿನ ಕಾಗದ ಬರೆಯದ ಅಕ್ಕನಿಗೆ ಏನು ಶಿಕ್ಷೆಯೋ ನೀನೇ ಗೊತ್ತುಮಾಡು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಈ ಸುದ್ದಿಯನ್ನು ಕ್ರಮವಾಗಿ ಹೇಳಬೇಕು, ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಇಲ್ಲಿ ಟೊಮೆಟೊ ಮಿತಿಮೀರಿ ಬಂದಿವೆ, ಅಕ್ಕಪಕ್ಕದವರು ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಮೊದಲು ಪದಬಂಧದ ವಿಷಯ. ನಮ್ಮೂರಿನ ಹಳೇ ಬೇಸ್‌ಬಾಲ್ ಕ್ಲಬ್ಬಿನವರು ಪ್ರತಿ ಆಗಸ್ಟ್‌ನಲ್ಲಿ ಉಣ್ಣೆ ಅಂಗಿ ತೊಟ್ಟು, ಕೈಗವಸಿಲ್ಲದೆ, 1864ರ ನಿಯಮದಂತೆ ರಿವರ್‌ಟನ್‌ನವರ ಜೊತೆ ಆಡುತ್ತಾರಲ್ಲ, ಆ ಪಂದ್ಯದ ಹಾಳೆಯ ಹಿಂಬದಿಯ ಪದಬಂಧ ಗಂಡ ಹೆಂಡತಿ ನಮ್ಮಿಬ್ಬರದು. ಹಳೆಯ ಆಟದ ಪದಗಳನ್ನು ಹುಡುಕುವವನು ಆಲ್ಡನ್, ಚೌಕ ಹೆಣೆಯುವವಳು ನಾನು. ನವೆಂಬರ್‌ನಲ್ಲಿ ಪಾರ್ಶ್ವವಾಯು ಅವನ ಮಾತು ಕಿತ್ತುಕೊಂಡ ಮೇಲೆ ಈ ವರ್ಷ ಬೇಡ ಎಂದುಕೊಂಡಿದ್ದೆ. ಅವನಿಗೆ ಎಲ್ಲವೂ ಅರ್ಥವಾಗುತ್ತದೆ. ಹೇಳಲು ಹೋದರೆ ಪದ ಸಿಗುವುದಿಲ್ಲ, ಬರೆಯಲು ಹೋದರೂ ಅಷ್ಟೇ. ಜೂನ್‌ನಲ್ಲಿ ಒಂದು ದಿನ ಅರ್ಧ ತುಂಬಿದ ಚೌಕಗಳನ್ನು ಮೇಜಿನ ಮೇಲೆ ಬಿಟ್ಟು ಹಾಲು ತರಲು ಹೋಗಿದ್ದೆ. ಬಂದು ನೋಡಿದರೆ ಮೂರು ಪದ ತುಂಬಿದ್ದವು, ಎಡಗೈಯ ಸೊಟ್ಟ ಅಕ್ಷರಗಳಲ್ಲಿ. ಒಂದೆರಡು ಅಕ್ಷರ ಮೊದಲೇ ಕೂತಿದ್ದರೆ ಮಿಕ್ಕವು ಅವನಿಗೆ ಬರುತ್ತವೆ ಎಂದು ಗೊತ್ತಾದದ್ದು ಹಾಗೆ. ಜುಲೈ ಮುಗಿಯುವ ಹೊತ್ತಿಗೆ ಪದಬಂಧ ಮುಗಿದಿತ್ತು.

ಆದರೆ ಅವನಿಗೆ ಬೇಕಾಗಿದ್ದದ್ದು ಅಂಪೈರಿಕೆ. ಆ ಪಂದ್ಯಕ್ಕೆ ಉದ್ದ ಕಪ್ಪು ಟೋಪಿ ಇಟ್ಟು ಬೆತ್ತ ಹಿಡಿದು ನಿಲ್ಲುತ್ತಿದ್ದವನು ಎಂದೂ ಅವನೇ. ಆ ಟೋಪಿಯನ್ನು ಅಟ್ಟದಿಂದ ಇಳಿಸಿ, ಬ್ರಷ್ ಹಾಕಿ, ಕಿಟಕಿಯಲ್ಲಿ ಇಟ್ಟಿದ್ದ. ನಾಯಕ ರಸ್ ಹ್ಯಾಲಕ್, ಹಾರ್ಡ್‌ವೇರ್ ಅಂಗಡಿಯವನು, ಮನೆಗೆ ಬಂದು ಟೋಪಿ ನೋಡಿ ಮುಖ ತಿರುಗಿಸಿಕೊಂಡ.

"ನೆಲ್ಡಾ, ಬೇಜಾರು ಮಾಡ್ಕೋಬೇಡ. ಬಾಯೇ ಬಿಡದೇ ಇರೋನ್ನ ಅಂಪೈರ್ ಮಾಡಿದ್ರೆ ರಿವರ್‌ಟನ್‌ನೋರು ವರ್ಷಪೂರ್ತಿ ಆಡ್ಕೋತಾರೆ. ಈ ಸಲ ಆರಾಮಾಗಿ ಕುರ್ಚಿ ಹಾಕ್ಕೊಂಡು ನೋಡ್ಲಿ."

ಆಲ್ಡನ್ ಒಳಗಿನಿಂದ ಕೇಳಿಸಿಕೊಂಡ. ಎದ್ದು ಬಂದು ಟೋಪಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ.

ನಾನು ಜಗಳವಾಡಲಿಲ್ಲ. ಅಚ್ಚಿಗೆ ಹೋಗುವ ಮುಂಚೆ ತಪ್ಪಿದೆಯೇ ನೋಡು ಎಂದು ಪದಬಂಧದ ಹಾಳೆಯನ್ನು ರಸ್ಸನ ಕೈಗಿತ್ತೆ. ಅವನು ಪೆನ್ನಿನಲ್ಲೇ ಪದಬಂಧ ತುಂಬುವ ಜಾತಿ, ಗೊತ್ತಲ್ಲ. ಮರುದಿನ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಹಾಜರು.

"ಅಡ್ಡ ಮೂವತ್ತೊಂದಕ್ಕೆ ಸಿಕ್ಕಾಕ್ಕೊಂಡಿದೀನಿ ಮಾರಾಯ್ತಿ."

"ಸುಳಿವು ಜೋರಾಗಿ ಓದು."

"'ಆಟಗಾರ ತೀರ್ಪು ಕೇಳುವ ತನಕ ಅಂಪೈರ್ ಕಾಯ್ದುಕೊಳ್ಳುವುದು.' ಏಳು ಚೌಕ." ಇನ್ನೊಮ್ಮೆ ಓದಿಕೊಂಡ, ಈ ಸಲ ಮೆಲ್ಲಗೆ. ಆಮೇಲೆ ಉಯ್ಯಾಲೆಯ ಮೇಲೆ ಕೂತಿದ್ದ ಆಲ್ಡನ್ ಕಡೆ ನೋಡಿದ. "ಎಸ್-ಐ-ಎಲ್-ಇ-ಎನ್-ಸಿ-ಇ. ಮೌನ," ಅಂದ. "ಇದು ನಿನ್ ಕಿತಾಪತಿನೋ, ಅವನ್ದೋ?"

"ಸುಳಿವು ನಂದು. ಪದ ಕೂರಿಸಿದ್ದು ಅವನು. ಹಳೇ ನಿಯಮದಲ್ಲಿ ಅಂಪೈರ್ ತಾನಾಗಿ ಬಾಯಿ ಬಿಡೋ ಹಾಗಿಲ್ಲ. ನೀನು ಟೀವಿ ಆಟ ನೋಡಿ ನೋಡಿ ಕೆಟ್ಟೋಗಿದೀಯ."

"ಸರಿ, ಕೇಳಿದಾಗ ಉತ್ತರ ಕೊಡ್ಬೇಕಲ್ಲ?"

ಆಲ್ಡನ್ ಎದ್ದು ಬೆತ್ತ ತಂದ. ನೆಟ್ಟಗೆ ಮೇಲೆತ್ತಿದ: ಔಟ್. ನೆಲಕ್ಕೆ ಸಮನಾಗಿ ಹಿಡಿದ: ಔಟಲ್ಲ. ಅದೇ ಬೆತ್ತದ ತುದಿಯಿಂದ ರಸ್ಸನ ಹೊಟ್ಟೆಗೆ ತಿವಿದ. ರಸ್ ನಗು ತಡೆಯಲಾರದೆ ಅಂದ, "ಹಾಳಾಗ್ಹೋಗ್ಲಿ, ಟೋಪಿ ತೆಗಿಯಪ್ಪ."

ಪಂದ್ಯ ಹದಿನೆಂಟರ ಶನಿವಾರ ನಡೆಯಿತು. ಎಂಟು ಸರದಿ ಬೆತ್ತದಲ್ಲೇ ಸಾಗಿತು, ಯಾರೂ ಆಡಿಕೊಳ್ಳಲಿಲ್ಲ. ಕೊನೆಯ ಸರದಿ, ಒಂಬತ್ತನೆಯದರಲ್ಲಿ ನಾವು ಒಂದು ಓಟ ಮುಂದೆ, ರಿವರ್‌ಟನ್‌ನವರ ಇಬ್ಬರು ಔಟ್, ಇಬ್ಬರು ಬೇಸಿನ ಮೇಲೆ. ಚೆಂಡು ಎಡಗಡೆಗೆ ಹಾರಿತು. ನಮ್ಮ ಪೋಸ್ಟ್‌ಮನ್ ಲೈಲ್ ಬೆನ್ನು ತಿರುಗಿಸಿ ಓಡಿ, ನೆಲದಿಂದ ಪುಟಿದ ಚೆಂಡನ್ನು ಬರಿಗೈಯಲ್ಲಿ ಹಿಡಿದ. ಅಷ್ಟರಲ್ಲಿ ಬೇಸಿನ ಮೇಲಿದ್ದ ಇಬ್ಬರೂ ಓಡಿ ಬಂದು ಕೊನೆಯ ಬೇಸ್ ಮುಟ್ಟಿದ್ದರು, ಎರಡು ಓಟ. ಒಂದೇ ಪುಟಿತದಲ್ಲಿ ಹಿಡಿದರೆ ಆ ಕಾಲದ ನಿಯಮದಂತೆ ಮೂರನೆಯ ಔಟ್, ಆ ಓಟಗಳು ಲೆಕ್ಕಕ್ಕಿಲ್ಲ, ಗೆಲುವು ನಮ್ಮದು. ಎರಡಾದರೆ ಅವರದು. ಅವರ ನಾಯಕ ಪರ್ಸೆಲ್ ಆಗಲೇ ಕೂಗಾಡುತ್ತಿದ್ದ, "ಎರಡ್ಸಲ ಬಿತ್ತು, ನನ್ ಕಣ್ಣಾರೆ ನೋಡಿದೀನಿ."

"ಆ ಕನ್ನಡಕದಲ್ಲಾ?" ಎಂದ ರಸ್.

ಆಲ್ಡನ್‌ಗೆ ಕಂಡದ್ದು ಲೈಲ್‌ನ ಬೆನ್ನು ಮಾತ್ರ. ಬೆತ್ತ ಮೇಲೇಳಲಿಲ್ಲ. ನಮ್ಮ ಹುಡುಗರು ಎಷ್ಟು ಗೋಗರೆದರೂ ಅವನು ಅವರತ್ತ ತಿರುಗಲಿಲ್ಲ. ನೇರವಾಗಿ ರಿವರ್‌ಟನ್‌ನ ಡ್ವೈಟ್ ಬಳಿಗೆ ನಡೆದ. ಎರಡನೆಯ ಬೇಸಿನಿಂದ ಓಡುವಾಗ ಚೆಂಡಿಗೆ ಎದುರಾಗಿ ಇದ್ದವನು ಅವನೊಬ್ಬನೇ. ಕಾಣದಿದ್ದಾಗ ಅಂಪೈರ್ ಆಟಗಾರನನ್ನೇ ಕೇಳಬಹುದು, ಆಟಗಾರ ಸತ್ಯ ಹೇಳಬೇಕು, ಅದೂ ಆ ಕಾಲದ ಪದ್ಧತಿ. ಈ ಡ್ವೈಟ್ ಬೇರೆ ಪರ್ಸೆಲ್‌ನ ಅಳಿಯ. ಆಲ್ಡನ್ ಬೆತ್ತದಿಂದ ನೆಲವನ್ನು ಒಮ್ಮೆ ಕುಟ್ಟಿದ. ನಿಲ್ಲಿಸಿದ. ಎರಡು ಸಲ ಕುಟ್ಟಿದ. ಹುಬ್ಬೇರಿಸಿ ನೋಡಿದ.

ಡ್ವೈಟ್ ಟೋಪಿ ತೆಗೆದ. "ಒಂದೇ ಸಲ, ಸರ್. ಮಾವ, ಬೈಬೇಡಿ."

ಆಗ ಲೈಲ್ ದೂರದಿಂದ, ಕೇಳಬೇಕಾದ ಕ್ರಮದಲ್ಲೇ ಕೇಳಿದ, "ತೀರ್ಪು, ಸರ್?"

ಬೆತ್ತ ಏಳತೊಡಗಿ ಅರ್ಧದಲ್ಲಿ ನಿಂತಿತು. ಕೈ ಸೋತಿತೇನೋ ಎಂದು ನಾನು ಎದ್ದು ನಿಂತೆ.

"ಔಟ್."

ಕೊರಿನ್, ಅದು ಹಳೆಯ ಗಂಟಲು. ಚರ್ಚಿನ ಗೋಡೆಗೆ ತಾಗಿ ಬರುವ ಗಂಟಲು. ರಸ್ ಗೆದ್ದದ್ದನ್ನೇ ಮರೆತು ಬಾಯಿ ತೆರೆದು ನಿಂತ. ಆಲ್ಡನ್ ಕೂಡ ಒಂದು ಕ್ಷಣ ಯಾರು ಕೂಗಿದ್ದೆಂದು ಹುಡುಕುವವನಂತೆ ಸುತ್ತ ನೋಡಿದ. ಸೋತವರು ಚೆಂಡು ಒಪ್ಪಿಸುವುದು ವಾಡಿಕೆಯಲ್ಲವೇ, ಪರ್ಸೆಲ್ ಚೆಂಡು ತಂದು ರಸ್ಸನಿಗೆ ಕೊಟ್ಟ, ರಸ್ ಅದನ್ನು ಆಲ್ಡನ್‌ನ ಕೋಟಿನ ಜೇಬಿಗೆ ತುರುಕಿದ. ಎರಡೂ ತಂಡದವರು ಅಂಪೈರಿಗೆ ಮೂರು ಜಯಕಾರ ಹಾಕಿದರು. ಅತಿ ಜೋರಾಗಿ ಹಾಕಿದವನು ಡ್ವೈಟ್. ಅಂದು ಅವನಿಗೆ ಮಾವನ ಕಾರಿನಲ್ಲಿ ಜಾಗ ಸಿಗಲಿಲ್ಲ, ನಾವೇ ರಿವರ್‌ಟನ್‌ಗೆ ಬಿಟ್ಟು ಬಂದೆವು.

ಮಾತು ಕಲಿಸುವ ಹೆಣ್ಣುಮಗಳು ಇದು ಪವಾಡವಲ್ಲ ಎಂದಳು. ಬಾಯಿಗೆ ಬಹುಕಾಲ ರೂಢಿಯಾದ ಪದ ಬೇರೆ ದಾರಿಯಲ್ಲಿ ಬರುತ್ತದಂತೆ. ಯಾವ ದಾರಿಯಲ್ಲಾದರೂ ಬರಲಿ. ಚೆಂಡು ಈಗ ಕಿಟಕಿಯಲ್ಲಿ, ಟೋಪಿಯ ಪಕ್ಕದಲ್ಲಿದೆ.

ನಿನ್ನ ಮಂಡಿ ಬೇಗ ಮಡಚುವಂತಾಗಲಿ. ಮೊಮ್ಮಗಳ ಮೊದಲ ಹಲ್ಲು ಅವಳ ತಾಯಿಗೆ ನಿದ್ದೆ ಬಿಟ್ಟುಕೊಡಲಿ. ನಿಮ್ಮ ಮನೆಯಲ್ಲಿ ಎಲ್ಲರೂ ಸುಖವಾಗಿರಿ.

ನಿನ್ನ ಅಕ್ಕ,
ನೆಲ್ಡಾ

ಮರೆತ ಮಾತು: ಆ ದಿನದಿಂದ ಅವನಿಗೆ 'ಔಟ್' ಅಲ್ಲದೆ 'ಕಾಫಿ' ಬಂದಿದೆ, ನಾಯಿಯ ಹೆಸರು ಬಂದಿದೆ, ಎರಡು ಬೈಗುಳವೂ ಬಂದಿವೆ. ನನ್ನ ಹೆಸರು ಬಂದಿಲ್ಲ. ಮೊನ್ನೆ ಹೊಸ ಪದಬಂಧದಲ್ಲಿ ಅದನ್ನೇ ಇಟ್ಟೆ: 'ಅಂಪೈರನ ಹೆಂಡತಿ, ಐದು ಚೌಕ.' ಒಂದು ಅಕ್ಷರದ ಆಸರೆಯನ್ನೂ ಕೊಡಲಿಲ್ಲ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ತುಂಬಿದ. ಅದರ ಕೆಳಗೆ ಬೆರಳಿಟ್ಟು ನನ್ನ ಮುಖ ನೋಡಿ ಬಾಯಿ ತೆರೆದ. ಏನೂ ಬರಲಿಲ್ಲ. ಪೆನ್ಸಿಲ್ ಎಸೆದು ಹೊರಗೆ ಹೋದ. ನನ್ನ ಹೆಸರಿಗೆ ನವೆಂಬರ್‌ನಿಂದ ಹೀಗೆಯೇ. ಆದರೆ ನಿಯಮವೆಂದರೆ ನಿಯಮ, ಕೇಳದೆ ಅಂಪೈರ್ ಹೇಳುವಂತಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಕಾಫಿ ಮುಂದಿಟ್ಟು ಕೇಳುತ್ತೇನೆ, "ನಾನ್ಯಾರು, ಸರ್?" ಇವತ್ತೂ ಕೇಳಿದೆ.